ಒರೆಯ ಬಾಯಿಗೆ ಒಂದು ಪಟ್ಟಿ

ಕತ್ತಿಯ ಬಗ್ಗೆ ಬರೆದವರು ಬಹಳ ಮಂದಿ. ಒರೆಯ ಬಗ್ಗೆ ಬರೆದವರು ಕಡಿಮೆ. ಒರೆಯ ಬಾಯಿಯ ಹತ್ತಿರ ಹಿಡಿಯನ್ನು ಬಳಸಿಕೊಂಡು ಹೋಗುವ ಬೆರಳಗಲದ ಚರ್ಮದ ಪಟ್ಟಿಯ ಬಗ್ಗೆ ಬರೆದವರು ಇನ್ನೂ ಕಡಿಮೆ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯ ಮುಂದೆ ನಿಂತರೆ ಇದು ಸ್ಪಷ್ಟವಾಗುತ್ತದೆ. ಅಲಗಿನ ಲೋಹ ಯಾವುದು, ಕಾಲ ಯಾವುದು, ಯಾವ ಅರಸನದು ಎಂಬುದೆಲ್ಲ ಫಲಕದಲ್ಲಿರುತ್ತದೆ. ಒರೆಯ ವಿಷಯಕ್ಕೆ ಬಂದರೆ ‘ಒರೆ ಸಹಿತ’ ಎಂಬ ಎರಡೇ ಪದ. ಪಟ್ಟಿಯ ಮಾತಂತೂ ಇಲ್ಲ.

ಆದರೆ ಕತ್ತಿಯನ್ನು ಸೊಂಟಕ್ಕೆ ಕಟ್ಟಿಕೊಂಡು ದಿನವಿಡೀ ಓಡಾಡುವವನಿಗೆ ಅಲಗಿನಷ್ಟೇ ಮುಖ್ಯವಾದ ಭಾಗ ಆ ಪಟ್ಟಿ. ಮರ ಹತ್ತುವಾಗ, ಬಗ್ಗುವಾಗ, ಓಡುವಾಗ, ಬಿದ್ದಾಗ ಕತ್ತಿ ಒರೆಯಲ್ಲೇ ಇರಬೇಕು. ಬೇಕಾದಾಗ ಮಾತ್ರ ಹೊರಬರಬೇಕು. ಈ ಎರಡು ಬೇಡಿಕೆಗಳು ಒಂದಕ್ಕೊಂದು ಎದುರು. ಬಿಗಿಯಾಗಿ ಕಟ್ಟಿದರೆ ಬೇಗ ಬಾರದು, ಬೇಗ ಬರುವಂತೆ ಮಾಡಿದರೆ ಬಿಗಿ ಉಳಿಯದು. ಒರೆ ಹೊಲಿಯುವವನು ಈ ಎರಡರ ನಡುವೆ ಎಲ್ಲೋ ಒಂದು ಕಡೆ ಗೆರೆ ಎಳೆಯುತ್ತಾನೆ. ಕೈ ಹಿಡಿಗೆ ಹೋದ ಕ್ಷಣಕ್ಕೂ ಅಲಗು ಬೆಳಕಿಗೆ ಬಂದ ಕ್ಷಣಕ್ಕೂ ನಡುವೆ ಎಷ್ಟು ಹೊತ್ತು ಇರಬೇಕು ಎಂಬುದನ್ನು ಆ ಗೆರೆ ತೀರ್ಮಾನಿಸುತ್ತದೆ. ಈ ಹೊತ್ತನ್ನು ಯಾರು ಯಾಕೆ ಹಿಗ್ಗಿಸಿದರು, ಯಾರು ಯಾಕೆ ಕುಗ್ಗಿಸಿದರು ಎಂಬುದೇ ಪಟ್ಟಿಯ ಚರಿತ್ರೆ ಎಂದು ನನಗನ್ನಿಸುತ್ತದೆ.

*

ಕತ್ತಿ ಒರೆಯಲ್ಲಿ ನಿಲ್ಲುವುದಕ್ಕೆ ಮೂರು ದಾರಿಗಳಿವೆ. ಮೊದಲನೆಯದು ಅದರ ತೂಕ. ಬಾಯಿ ಮೇಲಾಗಿ ನೇತಾಡುವ ಒರೆಯಲ್ಲಿ ಭಾರವಾದ ಕತ್ತಿ ತಾನೇ ತಾನಾಗಿ ಕುಳಿತಿರುತ್ತದೆ, ಹೊತ್ತವನು ತಲೆಕೆಳಗಾಗದಿದ್ದರೆ ಸರಿ. ಎರಡನೆಯದು ಬಿಗಿತ. ಫಿನ್‌ಲೆಂಡಿನ ‘ಪುಕ್ಕೊ’ ಎಂಬ ಚಾಕುವಿನ ಚರ್ಮದ ಒರೆ ಅಲಗನ್ನಷ್ಟೇ ಅಲ್ಲ, ಹಿಡಿಯ ಬಹುಪಾಲನ್ನೂ ನುಂಗಿಕೊಳ್ಳುತ್ತದೆ. ಒದ್ದೆ ಚರ್ಮವನ್ನು ಹಿಡಿಯ ಮೇಲೆಯೇ ಒತ್ತಿ ಆಕಾರ ಕೊಟ್ಟು ಒಣಗಿಸಿದ್ದರಿಂದ ಅದಕ್ಕೆ ಪಟ್ಟಿಯ ಹಂಗಿಲ್ಲ. ಜಪಾನಿನ ಖಡ್ಗದಲ್ಲಿ ಅಲಗಿನ ಬುಡಕ್ಕೆ ತೊಡಿಸಿದ ಲೋಹದ ಕವಚ ಮರದ ಒರೆಯ ಬಾಯಿಯಲ್ಲಿ ಬೆಣೆಯಂತೆ ಕೂರುತ್ತದೆ. ಆ ಬಾಯಿಗೆ ಅಲ್ಲಿಯವರು ‘ಕೊಯಿಗುಚಿ’ ಎನ್ನುತ್ತಾರೆ, ಅಂದರೆ ಕಾರ್ಪ್ ಮೀನಿನ ಬಾಯಿ. ಖಡ್ಗ ಹಿರಿಯುವ ಮೊದಲು ಎಡಗೈ ಹೆಬ್ಬೆರಳಿನಿಂದ ಕೈಗಾಪನ್ನು ತುಸು ಮುಂದಕ್ಕೆ ನೂಕಿ ಆ ಬಿಗಿತವನ್ನು ಬಿಡಿಸಬೇಕು. ನೋಡುವವರಿಗೆ ಅಷ್ಟೇ ಸಾಕು, ಅದು ಬೆದರಿಕೆ.

ಮೂರನೆಯದು ಕಟ್ಟು. ದಾರ, ಸರಪಳಿ, ಕುಣಿಕೆ ಅಥವಾ ಪಟ್ಟಿ. ಬಿಗಿತದ ಒರೆಗೆ ಒಂದು ದೌರ್ಬಲ್ಯವಿದೆ: ಚರ್ಮ ಕಾಲಕ್ರಮದಲ್ಲಿ ಸಡಿಲಾಗುತ್ತದೆ, ಮಳೆಯಲ್ಲಿ ನೆನೆದರೆ ಇನ್ನೂ ಬೇಗ. ಇವತ್ತು ಗಟ್ಟಿಯಾಗಿ ಹಿಡಿದ ಒರೆ ಕೆಲವು ವರ್ಷಗಳ ನಂತರವೂ ಹಾಗೆಯೇ ಹಿಡಿಯುತ್ತದೆಂಬ ಭರವಸೆಯಿಲ್ಲ. ಹಾಗಾಗಿ ಕಟ್ಟು ಬೇಕಾಗುತ್ತದೆ. ಕಟ್ಟು ಮಾಡುವುದರಲ್ಲೂ ಲೆಕ್ಕಾಚಾರವಿದೆ. ಪಟ್ಟಿಯನ್ನು ಪ್ರಾಣಿಯ ಬೆನ್ನಿನ ಭಾಗದ ತೊಗಲಿನಿಂದ ಕತ್ತರಿಸಬೇಕು, ಹೊಟ್ಟೆಯ ಭಾಗದ್ದಾದರೆ ಎಳೆದಷ್ಟೂ ಹಿಗ್ಗುತ್ತದೆ. ಅಡ್ಡಗೈ ಇರುವ ಕತ್ತಿಯಾದರೆ ಪಟ್ಟಿ ಅದರ ಹಿಂದೆಯೇ ಹಿಡಿಯನ್ನು ಸುತ್ತಬೇಕು. ದೂರ ಹೋದಷ್ಟೂ ಕತ್ತಿ ಮೇಲೆ ಕೆಳಗೆ ಆಡುತ್ತದೆ. ಪಟ್ಟಿಯ ಬುಡವನ್ನು ಅಲಗಿನ ಬೆನ್ನಿನ ಕಡೆ ಹೊಲಿಯಬೇಕು. ಬಾಯಿಯ ಕಡೆ ಹೊಲಿದರೆ ಕತ್ತಿ ತೆಗೆದು ಹಾಕುವಾಗಲೆಲ್ಲ ಅದರ ಹರಿತ ಪಟ್ಟಿಯನ್ನೇ ಕೊಯ್ಯುತ್ತ ಹೋಗುತ್ತದೆ. ಕೊನೆಗೆ, ಬಿಚ್ಚಿದ ಪಟ್ಟಿ ಅಲಗಿನ ದಾರಿಗೆ ಅಡ್ಡ ಬರದೆ ತಾನೇ ಪಕ್ಕಕ್ಕೆ ಸರಿದು ನಿಲ್ಲಬೇಕು. ಇಷ್ಟೂ ಸೇರಿದರೆ ಒಂದು ಸರಳ ಪಟ್ಟಿ.

*

ಇಂಥ ಸಂಗತಿಗಳ ಚರಿತ್ರೆ ಬರೆಯುವುದು ಕಷ್ಟ, ಏಕೆಂದರೆ ಸಾಕ್ಷಿ ಕೊಳೆತುಹೋಗುತ್ತದೆ. ಕಬ್ಬಿಣ ತುಕ್ಕು ಹಿಡಿದಾದರೂ ಉಳಿಯುತ್ತದೆ. ಚರ್ಮ ಉಳಿಯಬೇಕಾದರೆ ಹಿಮ ಬೇಕು, ಮರುಭೂಮಿಯ ಒಣಹವೆ ಬೇಕು, ಇಲ್ಲವೇ ಗಾಳಿಯಾಡದ ಕೆಸರು ಬೇಕು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮನದಿಯಲ್ಲಿ ಸಿಕ್ಕ ‘ಓಟ್ಸಿ’ ಎಂಬ ಮನುಷ್ಯ ಸುಮಾರು 5300 ವರ್ಷಗಳ ಹಿಂದಿನವನು. ಅವನ ಬಳಿ ಇದ್ದ ಬಾಕುವಿಗೆ ಚಕಮಕಿ ಕಲ್ಲಿನ ಅಲಗು, ಮರದ ಹಿಡಿ. ಅದರ ಒರೆ ಚರ್ಮದ್ದಲ್ಲ, ಲಿಂಡೆನ್ ಮರದ ತೊಗಟೆಯ ನಾರಿನಿಂದ ಹೆಣೆದದ್ದು. ಆ ಒರೆಯನ್ನು ಸೊಂಟಪಟ್ಟಿಗೆ ಕಟ್ಟಿಕೊಳ್ಳಲು ಪಕ್ಕದಲ್ಲೊಂದು ಚರ್ಮದ ಕುಣಿಕೆ, ಹಿಡಿಯ ತುದಿಯಲ್ಲೊಂದು ದಾರ. ಲೋಹದ ಕತ್ತಿಯಿನ್ನೂ ಅವನ ಸೊಂಟಕ್ಕೆ ಬಂದಿರಲಿಲ್ಲ, ಕಟ್ಟಿಕೊಳ್ಳುವ ಯೋಚನೆ ಮಾತ್ರ ಆಗಲೇ ಬಂದಿತ್ತು. ಇಂಗ್ಲೆಂಡಿನ ಯಾರ್ಕ್ ನಗರದ ಒದ್ದೆ ಮಣ್ಣಿನಲ್ಲಿ, ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಮಧ್ಯಯುಗದ ಚರ್ಮದ ಒರೆಗಳು ಹೇರಳವಾಗಿ ಸಿಕ್ಕಿವೆ. ಒರೆಯ ಮೇಲ್ಭಾಗದಲ್ಲಿ ಸೀಳಿದ ಕಂಡಿಗಳು, ಅವುಗಳ ಮೂಲಕ ಹಾದುಹೋಗುತ್ತಿದ್ದ ಚರ್ಮದ ದಾರಗಳ ಗುರುತು ಅವುಗಳಲ್ಲಿ ಇವತ್ತಿಗೂ ಕಾಣುತ್ತವೆ.

ನಮ್ಮ ಮಳೆ, ಬಿಸಿಲು, ಗೆದ್ದಲುಗಳ ನಡುವೆ ಚರ್ಮಕ್ಕೆ ಅಂಥ ಅದೃಷ್ಟವಿಲ್ಲ. ಕರ್ನಾಟಕದ ವೀರಗಲ್ಲುಗಳಲ್ಲಿ ಸೊಂಟಕ್ಕೆ ಕಠಾರಿ ಸಿಕ್ಕಿಸಿಕೊಂಡ ವೀರರಿದ್ದಾರೆ. ಕಲ್ಲುಕುಟಿಗ ಕಠಾರಿಯನ್ನು ಕಂಡರಿಸಿದ್ದಾನೆ, ಅದನ್ನು ಹಿಡಿದಿಟ್ಟ ಕಟ್ಟು ಹೇಗಿತ್ತೆಂದು ಆ ಚಿಕ್ಕ ಉಬ್ಬುಚಿತ್ರದಲ್ಲಿ ಹುಡುಕುವುದು ಕಷ್ಟ. ಇಂಥಲ್ಲಿ ಭಾಷೆಯೇ ಉತ್ಖನನದ ಜಾಗವಾಗುತ್ತದೆ. ಇಂದಿನ ಕನ್ನಡದಲ್ಲಿ ‘ಒರೆ’ ಎಂದರೆ ಕತ್ತಿಯ ಚೀಲವೂ ಹೌದು, ಚಿನ್ನವನ್ನು ಉಜ್ಜಿ ಪರೀಕ್ಷಿಸುವುದೂ ಹೌದು. ಹಳಗನ್ನಡದಲ್ಲಿ ಇವು ಬೇರೆ ಬೇರೆ ಪದಗಳು. ಕತ್ತಿಯದು ಶಕಟರೇಫದ ‘ಒಱೆ’, ಚಿನ್ನದ್ದು ಸಾಮಾನ್ಯ ರಕಾರದ ‘ಒರೆ’. ತಮಿಳಿನಲ್ಲಿ ‘ಉಱೈ’ ಎಂದರೆ ಈಗಲೂ ಹೊದಿಕೆ, ಕವಚ. ಱಕಾರ ಬಳಕೆಯಿಂದ ಬಿದ್ದುಹೋದ ಮೇಲೆ ಕನ್ನಡದಲ್ಲಿ ಎರಡೂ ಒಂದೇ ರೂಪಕ್ಕೆ ಬಂದವು. ಮುಚ್ಚಿಡುವುದು, ಪರೀಕ್ಷೆಗೊಡ್ಡುವುದು ಎರಡಕ್ಕೂ ಒಂದೇ ಪದವಾಯಿತು. ಇದು ಆಕಸ್ಮಿಕ, ನಿಜ. ಆದರೆ ಮುಂದಿನ ಕಥೆಗಳನ್ನು ಓದುವಾಗ ಈ ಆಕಸ್ಮಿಕವನ್ನು ನೆನಪಿನಲ್ಲಿಟ್ಟುಕೊಳ್ಳಬಹುದು.

*

ಐಸ್‌ಲೆಂಡಿನ 13ನೇ ಶತಮಾನದ ಸಾಗಾಗಳಲ್ಲಿ ‘ಫ್ರಿದ್‌ಬೋಂದ್’ ಎಂಬ ಪದ ಬರುತ್ತದೆ. ಶಾಂತಿಯ ಕಟ್ಟು ಎಂದು ಕನ್ನಡದಲ್ಲಿ ಹೇಳಬಹುದು. ಖಡ್ಗದ ಹಿಡಿಯನ್ನು ಒರೆಗೆ ಸೇರಿಸಿ ಕಟ್ಟುವ ಪಟ್ಟಿ ಅದು. ಹತ್ತಾರು ಮನೆತನಗಳು, ಅವುಗಳ ಹಳೆಯ ಹಗೆಗಳು ಒಂದೇ ಬಯಲಿನಲ್ಲಿ ಸೇರುವ ಸಭೆಗಳಿಗೆ ಜನ ಆಯುಧ ಬಿಟ್ಟು ಬರುವವರಲ್ಲ. ಆಯುಧ ಇರಲಿ, ಆದರೆ ಹೊರಬರಲು ತಡವಾಗಲಿ ಎಂಬುದು ಆ ಪಟ್ಟಿಯ ತತ್ವ. ಸಿಟ್ಟು ಬಂದ ಕೈ ಮೊದಲು ಗಂಟು ಬಿಚ್ಚಬೇಕು. ಬಿಚ್ಚುವಷ್ಟರಲ್ಲಿ ಪಕ್ಕದವನು ಆ ಕೈ ಹಿಡಿದುಕೊಳ್ಳಬಹುದು, ಅಥವಾ ಸಿಟ್ಟೇ ಇಳಿಯಬಹುದು.

ಗೀಸ್ಲಿಯ ಸಾಗಾದಲ್ಲಿ ಈ ಕಟ್ಟು ಒಂದು ಕೊಲೆಯ ನಡುವೆ ಕಾಣಿಸಿಕೊಳ್ಳುತ್ತದೆ. ವೆಸ್ಟೈನ್ ಎಂಬವನು ರಾತ್ರಿ ಮಲಗಿದ್ದಲ್ಲೇ ಕೊಲೆಯಾಗಿದ್ದಾನೆ. ಆ ಸಂಚಿನಲ್ಲಿ ಕಥಾನಾಯಕ ಗೀಸ್ಲಿಯ ಅಣ್ಣತಮ್ಮಂದಿರಲ್ಲಿ ಒಬ್ಬನಾದ ತೋರ್ಕೆಲ್‌ನ ಕೈವಾಡವಿದೆ. ವರ್ಷಗಳ ನಂತರ ತೋರ್ಕೆಲ್ ಒಳ್ಳೆಯ ಬಟ್ಟೆ ತೊಟ್ಟು, ಕೈಯಲ್ಲಿ ಖಡ್ಗ ಹಿಡಿದು ಸಭೆಯೊಂದಕ್ಕೆ ಬಂದು ಕುಳಿತಿರುತ್ತಾನೆ. ಹರಕು ಬಟ್ಟೆಯ ಇಬ್ಬರು ಹುಡುಗರು ಅಲ್ಲಿಗೆ ಬರುತ್ತಾರೆ. ಅವರಲ್ಲಿ ದೊಡ್ಡವನು ಈ ಗಣ್ಯ ವ್ಯಕ್ತಿ ಯಾರೆಂದು ಕೇಳುತ್ತಾನೆ, ಹೊಗಳುತ್ತಾನೆ, ಕೈಯಲ್ಲಿರುವ ಖಡ್ಗವನ್ನು ಒಮ್ಮೆ ನೋಡಬಹುದೇ ಎಂದು ವಿನಯದಿಂದ ಕೇಳುತ್ತಾನೆ. ಹೊಗಳಿಕೆಗೆ ಉಬ್ಬಿದ ತೋರ್ಕೆಲ್ ಖಡ್ಗ ಕೊಡುತ್ತಾನೆ. ಹುಡುಗ ಪಕ್ಕಕ್ಕೆ ತಿರುಗಿ ಶಾಂತಿಯ ಕಟ್ಟನ್ನು ಬಿಚ್ಚಿ ಅಲಗನ್ನು ಹಿರಿಯುತ್ತಾನೆ. ಹಿರಿಯಲು ನಾನು ಅನುಮತಿ ಕೊಡಲಿಲ್ಲವಲ್ಲ ಎನ್ನುತ್ತಾನೆ ತೋರ್ಕೆಲ್. ನಾನು ಕೇಳಲೂ ಇಲ್ಲ ಎಂದ ಹುಡುಗ ಒಂದೇ ಏಟಿಗೆ ಅವನ ತಲೆ ಹಾರಿಸುತ್ತಾನೆ. ಆ ಹುಡುಗರು ವೆಸ್ಟೈನ್‌ನ ಮಕ್ಕಳು.

ತೋರ್ಕೆಲ್‌ನ ಕೊನೆಯ ಮಾತನ್ನು ಗಮನಿಸಬೇಕು. ಖಡ್ಗ ಮುಟ್ಟುವುದಕ್ಕೆ ಒಂದು ಅನುಮತಿ, ಹಿರಿಯುವುದಕ್ಕೆ ಇನ್ನೊಂದು ಅನುಮತಿ ಎಂದು ಅವನು ನಂಬಿದ್ದ. ಆ ಎರಡು ಅನುಮತಿಗಳ ನಡುವಿನ ಗೆರೆಯೇ ಪಟ್ಟಿ. ಅದು ಲೋಹವಲ್ಲ, ಬೀಗವಲ್ಲ. ಅದಕ್ಕೆ ಬಲ ಬರುವುದು ಎಲ್ಲರೂ ಒಪ್ಪಿಕೊಂಡಿದ್ದಾರೆ ಎಂಬುದರಿಂದ. ತನ್ನ ತಂದೆಯನ್ನು ಕೊಂದವರಿಗೆ ಈ ಒಪ್ಪಂದ ಅನ್ವಯಿಸಲಿಲ್ಲ, ನನಗೇಕೆ ಅನ್ವಯಿಸಬೇಕು ಎಂಬುದು ಹುಡುಗನ ಮೌನ ಪ್ರಶ್ನೆ. ಆ ಪ್ರಶ್ನೆಗೆ ಸಾಗಾ ಉತ್ತರ ಕೊಡುವುದಿಲ್ಲ. ಪಟ್ಟಿ ಬಿಚ್ಚಿದ್ದನ್ನು ಮಾತ್ರ ಮರೆಯದೆ ದಾಖಲಿಸುತ್ತದೆ.

*

ಐಸ್‌ಲೆಂಡಿನ ಸಭೆ ಹಿಗ್ಗಿಸಿದ ಹೊತ್ತನ್ನು 20ನೇ ಶತಮಾನದ ಯುದ್ಧಗಳು ಕುಗ್ಗಿಸತೊಡಗಿದವು. ಇದರಲ್ಲಿ ಒಂದು ಸಣ್ಣ ಗುಂಡಿಯ ಪಾತ್ರ ದೊಡ್ಡದು. ನಾವು ‘ಟಿಚ್ ಬಟನ್’ ಎನ್ನುವ ಒತ್ತುಗುಂಡಿ 1880ರ ದಶಕದ ಯುರೋಪಿನದು. ಜರ್ಮನಿಯ ಹೆರಿಬರ್ಟ್ ಬಾವರ್ 1885ರಲ್ಲಿ ಒಂದು ಬಗೆಗೆ ಪೇಟೆಂಟ್ ಪಡೆದ. ಮರುವರ್ಷ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಆಲ್ಬೆರ್-ಪಿಯೆರ್ ರೇಮೋ ಇನ್ನೊಂದಕ್ಕೆ ಪಡೆದ. ಗ್ರೆನೋಬಲ್ ಚರ್ಮದ ಕೈಗವಸುಗಳಿಗೆ ಹೆಸರಾದ ಊರು, ಅಲ್ಲಿ ಗುಂಡಿ ಬೇಕಾದದ್ದು ಶ್ರೀಮಂತರ ಮಣಿಕಟ್ಟಿಗೆ. ಅದೇ ಗುಂಡಿ ಮುಂದೆ ಕತ್ತಿಯ ಒರೆಗೆ ಬಂತು. ಗಂಟಿಗೆ ಎರಡು ಕೈ ಬೇಕು. ಟಿಚ್ ಬಟನ್ನಿಗೆ ಒಂದು ಹೆಬ್ಬೆರಳು ಸಾಕು. 1942ರಲ್ಲಿ ಅಮೆರಿಕದ ಮರೀನ್ ಪಡೆ ಆರಿಸಿಕೊಂಡ, ಮುಂದೆ ‘ಕಾ-ಬಾರ್’ ಎಂದು ಹೆಸರಾದ ಚಾಕುವಿನ ಚರ್ಮದ ಒರೆಗೆ ಇಂಥದೇ ಪಟ್ಟಿ, ಇಂಥದೇ ಗುಂಡಿ. ಇಂದು ಮನೆಯಲ್ಲಿ ಕೂತು ಒರೆ ಹೊಲಿಯುವ ಹವ್ಯಾಸಿಗಳ ಪಟ್ಟಿ ಇದರದೇ ಸಂತಾನ.

ಬ್ರಿಟಿಷರು ಇನ್ನೂ ಮುಂದೆ ಹೋದರು. ಶಾಂಘೈ ಪೊಲೀಸ್ ಪಡೆಯಲ್ಲಿ ಕೆಲಸ ಮಾಡಿದ್ದ ವಿಲಿಯಂ ಫೇರ್‌ಬೇರ್ನ್ ಮತ್ತು ಎರಿಕ್ ಸೈಕ್ಸ್ 1940ರ ಕೊನೆಯಲ್ಲಿ ಕಮಾಂಡೋಗಳಿಗಾಗಿ ಒಂದು ಬಾಕುವನ್ನು ರೂಪಿಸಿದರು. ವಿಲ್ಕಿನ್‌ಸನ್ ಸ್ವೋರ್ಡ್ ಕಂಪನಿ ಅದನ್ನು ತಯಾರಿಸಿತು. ಅದರ ಚರ್ಮದ ಒರೆಯಲ್ಲಿ ಹಿಡಿಯನ್ನು ಹಿಡಿದಿಟ್ಟದ್ದು ಗುಂಡಿಯ ಪಟ್ಟಿಯಲ್ಲ, ಎಲಾಸ್ಟಿಕ್ ಬಳೆ. ಟಿಚ್ ಬಟನ್ ಬಿಚ್ಚುವಾಗ ‘ಟಿಕ್’ ಎನ್ನುತ್ತದೆ. ಕಾವಲುಗಾರನ ಬೆನ್ನ ಹಿಂದೆ ಕತ್ತಲಲ್ಲಿ ನಿಂತವನಿಗೆ ಆ ಸದ್ದು ದುಬಾರಿ. ಎಲಾಸ್ಟಿಕ್‌ಗೆ ಸದ್ದಿಲ್ಲ, ಬಿಚ್ಚುವ ಹೆಜ್ಜೆಯೂ ಇಲ್ಲ. ಎಳೆದರೆ ಬಂತು. ಒರೆಯ ಎರಡೂ ಪಕ್ಕಕ್ಕೆ ಚಿಕ್ಕ ಚರ್ಮದ ಕಿವಿಗಳಿದ್ದವು. ಅವುಗಳ ಮೂಲಕ ಒರೆಯನ್ನು ಬಟ್ಟೆಯ ಯಾವ ಜಾಗಕ್ಕಾದರೂ ಹೊಲಿದುಕೊಳ್ಳಬಹುದಿತ್ತು. ಕೈಗೂ ಅಲಗಿಗೂ ನಡುವಿನ ಹೊತ್ತು ಇಲ್ಲಿ ಹೆಚ್ಚುಕಡಿಮೆ ಸೊನ್ನೆ. ಶಾಂತಿಯ ಕಟ್ಟು ಕಟ್ಟಿದವನು ಎದುರಾಳಿ ತನ್ನ ಕೈ ನೋಡಲಿ ಎಂದು ಬಯಸಿದ್ದ. ಇದನ್ನು ರೂಪಿಸಿದವರು ಎದುರಾಳಿ ಏನನ್ನೂ ನೋಡದಿರಲಿ, ಕೇಳದಿರಲಿ ಎಂದು ಬಯಸಿದರು.

*

ಕರ್ನಾಟಕದಲ್ಲಿ ಕತ್ತಿಯನ್ನು ಮೈಮೇಲೆ ಧರಿಸುವ ಪದ್ಧತಿ ಜೀವಂತವಾಗಿರುವುದು ಕೊಡಗಿನಲ್ಲಿ. ಕೊಡವ ಪುರುಷರು ಕುಪ್ಪ್ಯದ ಮೇಲೆ ಸುತ್ತುವ ಕೆಂಪು ರೇಷ್ಮೆಯ ಚೇಲೆಗೆ ಪೀಚೆಕತ್ತಿಯನ್ನು ಸಿಕ್ಕಿಸುತ್ತಾರೆ. ಬೆಳ್ಳಿಯ ಕೆಲಸ ಮಾಡಿದ ಒರೆ, ಅದರಿಂದ ಇಳಿಬಿದ್ದ ಬೆಳ್ಳಿಯ ಸರಪಳಿ. ಇಲ್ಲಿ ಬಟ್ಟೆಯ ಬಿಗಿತವೇ ಒರೆಯನ್ನು ಹಿಡಿದಿಡುವ ಪಟ್ಟಿ. ಒಡಿಕತ್ತಿಯ ಕ್ರಮವೇ ಬೇರೆ. ಅಗಲವಾದ, ಬಾಗಿದ, ಭಾರವಾದ ಆ ಕತ್ತಿಗೆ ಒರೆಯೇ ಇಲ್ಲ. ಸೊಂಟದ ಹಿಂಭಾಗದಲ್ಲಿ ‘ತೊಡಂಗ್’ ಎಂಬ ಲೋಹದ ಹಿಡಿಕೆಯಿರುತ್ತದೆ, ಬೆತ್ತಲೆ ಅಲಗನ್ನು ಅದರೊಳಗೆ ತೂರಿಸುತ್ತಾರೆ. ಭಾರ ಮತ್ತು ಬಾಗು ಎರಡೂ ಸೇರಿ ಕತ್ತಿ ಅಲ್ಲೇ ನಿಲ್ಲುತ್ತದೆ. ಮೊದಲು ಹೇಳಿದ ಮೂರು ದಾರಿಗಳಲ್ಲಿ ಮೊದಲನೆಯದನ್ನು ಇಷ್ಟು ಸೊಗಸಾಗಿ ಬಳಸಿದ ಉದಾಹರಣೆ ಇನ್ನೊಂದು ನನಗೆ ಕಂಡಿಲ್ಲ. ಯುದ್ಧಕ್ಕೆ ಹೋದ ಕತ್ತಿ ಈಗ ಮದುವೆಯ ದಿನ ಬಾಳೆಯ ದಿಂಡು ಕಡಿಯುತ್ತದೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುತ್ತದೆ.

1857ರ ನಂತರ ಬ್ರಿಟಿಷ್ ಸರ್ಕಾರ ಜನರ ಕೈಯಿಂದ ಆಯುಧ ಕಿತ್ತುಕೊಳ್ಳಲು ಕಾನೂನು ತಂದಾಗ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡಗಿನವರಿಗೆ ಅದರಿಂದ ವಿನಾಯಿತಿ ಕೊಟ್ಟ. ಸ್ವತಂತ್ರ ಭಾರತದಲ್ಲೂ ಆ ವಿನಾಯಿತಿ ಬೇರೆ ಬೇರೆ ರೂಪಗಳಲ್ಲಿ ಮುಂದುವರಿದಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಿಡಿಯನ್ನು ಒರೆಗೆ ಕಟ್ಟುವ ಕೆಲಸವನ್ನು ಇಲ್ಲಿ ಮಾಡುತ್ತಿರುವುದು ಚರ್ಮವಲ್ಲ, ರಾಜ್ಯ ಎನ್ನಬಹುದು. ಯಾರ ಸೊಂಟದಲ್ಲಿ ಕತ್ತಿ ಇರಬಹುದು, ಯಾರದರಲ್ಲಿ ಇರಬಾರದು ಎಂದು ಅದು ವಿಂಗಡಿಸುತ್ತದೆ. ವಿನಾಯಿತಿ ಸಿಕ್ಕವರಿಗೆ ಅದು ಗೌರವ. ಸಿಗದವರ ಕಡೆಯಿಂದ ನೋಡಿದರೆ ಅದೇ ಕಾಗದ ಅಪನಂಬಿಕೆಯ ಪತ್ರ.

*

ರಾಜ್ಯವೂ ಚರ್ಮವೂ ಬಟ್ಟೆಯೂ ಒಟ್ಟಿಗೆ ಸೇರಿದ ಒಂದು ಪ್ರಕರಣ ಕೆನಡಾದ್ದು. ಅಮೃತ ಸ್ವೀಕರಿಸಿದ ಸಿಖ್ಖರು ಕಿರ್ಪಾಣ್ ಧರಿಸುವುದು ಧರ್ಮದ ಕಟ್ಟಳೆ. ಹೆಗಲಿನಿಂದ ಅಡ್ಡಲಾಗಿ ಇಳಿಯುವ ‘ಗಾತ್ರ’ ಎಂಬ ಪಟ್ಟಿ ಅದರ ಒರೆಯನ್ನು ಹೊರುತ್ತದೆ. ಈ ಪರಂಪರೆಗೆ ಕರ್ನಾಟಕದ ನಂಟೂ ಇದೆ. 1699ರಲ್ಲಿ ಗುರು ಗೋಬಿಂದ್ ಸಿಂಗ್ ಅವರಿಂದ ಮೊದಲು ದೀಕ್ಷೆ ಪಡೆದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು ಎಂದು ಸಿಖ್ ಪರಂಪರೆ ಹೇಳುತ್ತದೆ. ನಮ್ಮ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲಿ ಕಿರ್ಪಾಣ್ ಧರಿಸುವುದು ಸಿಖ್ ಧರ್ಮದ ಆಚರಣೆಯ ಭಾಗ ಎಂದು ಸ್ಪಷ್ಟವಾಗಿಯೇ ಬರೆದಿದೆ.

2001ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಶಾಲೆಯೊಂದರ ಅಂಗಳದಲ್ಲಿ ಸಿಖ್ ಬಾಲಕನೊಬ್ಬ ಬಟ್ಟೆಯೊಳಗೆ ಧರಿಸಿದ್ದ ಕಿರ್ಪಾಣ್ ಆಕಸ್ಮಿಕವಾಗಿ ನೆಲಕ್ಕೆ ಬಿತ್ತು. ಯಾರಿಗೂ ಏಟಾಗಲಿಲ್ಲ, ಯಾರೂ ಅದನ್ನು ಹಿರಿಯಲಿಲ್ಲ. ಕಟ್ಟು ಸಡಿಲವಾಗಿತ್ತು, ಅಷ್ಟೆ. ಆದರೆ ಅಷ್ಟರಿಂದ ಶುರುವಾದ ವಿವಾದ ದೇಶದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಡುವೆ 2002ರಲ್ಲಿ ಪ್ರಾಂತ್ಯದ ನ್ಯಾಯಾಲಯ ಹುಡುಗ ಕಿರ್ಪಾಣ್ ಧರಿಸಬಹುದೆಂದು ಹೇಳಿ ಷರತ್ತುಗಳನ್ನು ಹಾಕಿತು. ಕಿರ್ಪಾಣ್ ಬಟ್ಟೆಯೊಳಗೇ ಇರಬೇಕು. ಒರೆ ಲೋಹದ್ದಾಗಿರಬಾರದು, ಮರದ್ದಾಗಿರಬೇಕು. ಒರೆ ಸಮೇತ ಅದನ್ನು ಗಟ್ಟಿ ಬಟ್ಟೆಯಲ್ಲಿ ಸುತ್ತಿ ಹೊಲಿಯಬೇಕು, ಆ ಬಟ್ಟೆಯನ್ನು ಗಾತ್ರಕ್ಕೆ ಹೊಲಿಯಬೇಕು. ಮೇಲಿನ ಹಂತದ ನ್ಯಾಯಾಲಯ ಇದನ್ನು ತಳ್ಳಿಹಾಕಿತು. ಕೊನೆಗೆ 2006ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್, ಕಿರ್ಪಾಣ್ ಮೇಲಿನ ಸಂಪೂರ್ಣ ನಿಷೇಧ ಧಾರ್ಮಿಕ ಸ್ವಾತಂತ್ರ್ಯವನ್ನು ಉಲ್ಲಂಘಿಸುತ್ತದೆ ಎಂದು ತೀರ್ಪಿತ್ತಿತು. ಮುಲ್ತಾನಿ ಪ್ರಕರಣವೆಂದು ಇದು ಪ್ರಸಿದ್ಧ.

ನ್ಯಾಯಾಧೀಶರು ಹೊಲಿಗೆಯ ವಿವರ ಬರೆಯಬೇಕಾಗಿ ಬಂದದ್ದನ್ನು ನೋಡಿ. ಕತ್ತಿ ಇರಲಿ, ಹೊರಬರಲು ತಡವಾಗಲಿ ಎಂಬ ಐಸ್‌ಲೆಂಡಿನ ತತ್ವವೇ ಇಲ್ಲಿಯೂ ಇದೆ. ಆದರೆ ಒಂದು ವ್ಯತ್ಯಾಸವಿದೆ. ಸಭೆಯಲ್ಲಿ ಶಾಂತಿಯ ಕಟ್ಟು ಆಯುಧಧಾರಿಗಳೆಲ್ಲರಿಗೂ ಸಮಾನವಾಗಿತ್ತು, ಎಲ್ಲರೂ ಎಲ್ಲರಿಗೆ ಹೆದರುತ್ತಿದ್ದರು. ಶಾಲೆಯಲ್ಲಿ ಕಟ್ಟು ಒಬ್ಬ ಹುಡುಗನಿಗೆ ಮಾತ್ರ. ಅವನಿಗೆ ಅದು ಆಯುಧವೇ ಅಲ್ಲ, ಉಳಿದವರಿಗೆ ಅದು ಆಯುಧವಲ್ಲದೆ ಬೇರೇನೂ ಅಲ್ಲ. ಎರಡು ನೋಟಗಳ ನಡುವೆ ಮಾತಿನಿಂದ ಆಗದ ರಾಜಿಯನ್ನು ಸೂಜಿ ದಾರ ಮಾಡಬೇಕಾಯಿತು. ಹುಡುಗನ ಧರ್ಮಕ್ಕೂ ತಾಯಂದಿರ ಭಯಕ್ಕೂ ಒಂದೇ ಹೊಲಿಗೆ ಜಾಗ ಮಾಡಿಕೊಟ್ಟಿತು. ಅದು ಪೂರ್ತಿ ನ್ಯಾಯವೋ ಅಲ್ಲವೋ ಎಂಬ ಬಗ್ಗೆ ವಾದಿಸಬಹುದು. ಸಂಪೂರ್ಣ ನಿಷೇಧಕ್ಕಿಂತ ಅದು ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

*

ಇಷ್ಟೆಲ್ಲದರಲ್ಲಿ ಪಟ್ಟಿ ಹೊಲಿದವರು ಯಾರು? ಅಲಗಿನ ಮೇಲೆ ಕೆಲವೊಮ್ಮೆ ಕಮ್ಮಾರನ ಮುದ್ರೆ ಇರುತ್ತದೆ. ಒರೆಯ ಮೇಲೆ ಹೆಸರು ಸಿಗುವುದು ಅಪರೂಪ. ನಮ್ಮಲ್ಲಿ ಈ ಮೌನಕ್ಕೆ ಇನ್ನೊಂದು ಕಾರಣವೂ ಉಂಟು. ಚರ್ಮ ಹದ ಮಾಡುವವರನ್ನು, ಹೊಲಿಯುವವರನ್ನು ಊರಾಚೆ ಇಟ್ಟ ಸಮಾಜ ಅವರು ಮಾಡಿದ ಒರೆಯನ್ನು ಮಾತ್ರ ಅರಮನೆಯೊಳಕ್ಕೆ ಬಿಟ್ಟುಕೊಂಡಿತು. 12ನೇ ಶತಮಾನದ ಶರಣರಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಕಸುಬಿನ ಹೆಸರಿನೊಂದಿಗೇ ಚರಿತ್ರೆಗೆ ಬಂದರು. ಅದು ದೊಡ್ಡ ಘಟನೆ, ಅಷ್ಟೇ ಅಪರೂಪದ ಘಟನೆ.

ಅವರ ಕಸುಬಿನಲ್ಲಿ ಇದ್ದ ಜ್ಞಾನ ಸಣ್ಣದಲ್ಲ. ತಂಗಡಿ ಗಿಡದ ತೊಗಟೆ, ಅಳಲೆಕಾಯಿಗಳಿಂದ ನಿಧಾನವಾಗಿ ಹದಗೊಂಡ ಚರ್ಮ ಗಟ್ಟಿಯಾಗಿರುತ್ತದೆ, ಒದ್ದೆ ಮಾಡಿ ಒತ್ತಿದ ಆಕಾರವನ್ನು ಒಣಗಿದ ಮೇಲೂ ಬಿಡುವುದಿಲ್ಲ. ಒರೆಗೆ ಬೇಕಾದದ್ದು ಇಂಥ ಚರ್ಮವೇ. 20ನೇ ಶತಮಾನದ ಆರಂಭದಲ್ಲಿ ಆಲ್ಫ್ರೆಡ್ ಚಾಟರ್ಟನ್ ಮದರಾಸಿನಲ್ಲಿ ಕ್ರೋಮ್ ಹದದ ಪ್ರಯೋಗಗಳನ್ನು ನಡೆಸಿದರು. ಅವರೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಕ್ರೋಮ್ ಚರ್ಮ ಬೇಗ ತಯಾರಾಗುತ್ತದೆ, ಮೆತ್ತಗಿರುತ್ತದೆ, ನೀರಿಗೆ ಜಗ್ಗುವುದಿಲ್ಲ. ಬೂಟಿಗೆ, ಚೀಲಕ್ಕೆ ಅದು ವರ. ಆದರೆ ಒತ್ತಿದ ಆಕಾರವನ್ನು ಅದು ನೆನಪಿಟ್ಟುಕೊಳ್ಳುವುದಿಲ್ಲ. ಜಗತ್ತಿನೆಲ್ಲೆಡೆ ಕೈಯಿಂದ ಒರೆ ಮಾಡುವವರು ಇಂದಿಗೂ ಹುಡುಕಿಕೊಂಡು ಹೋಗುವುದು ತೊಗಟೆಯಲ್ಲಿ ಹದಗೊಂಡ ಚರ್ಮವನ್ನೇ. ಅವರ ಪಟ್ಟಿಯಲ್ಲಿರುವ ಹಿತ್ತಾಳೆಯ ಗುಂಡಿ ಸ್ವಲ್ಪ ಕಾಲದಲ್ಲೇ ಹಸಿರು ಕಿಲುಬು ಹಿಡಿಯುತ್ತದೆ, ಚರ್ಮದೊಳಗಿನ ಕೊಬ್ಬು ಮತ್ತು ಆಮ್ಲ ತಾಮ್ರದ ಅಂಶದೊಂದಿಗೆ ಸೇರಿದ್ದರ ಫಲ ಅದು. ಹಾಗಾಗಿ ಅನುಭವಸ್ಥರು ಕತ್ತಿಯನ್ನು ವರ್ಷಗಟ್ಟಲೆ ಒರೆಯಲ್ಲೇ ಬಿಡಬೇಡಿ ಎನ್ನುತ್ತಾರೆ. ಕತ್ತಿಯನ್ನು ಕಾಯಬೇಕಾದ ಚರ್ಮವೇ ಅದನ್ನು ತಿನ್ನುತ್ತದೆ.

ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು ಎಂಬ ಮಾತನ್ನು ನಾವು ಅಧಿಕಾರದ ಬಗ್ಗೆ ಹೇಳುತ್ತೇವೆ. ಒರೆ ಹೊಲಿದವನಿಗೆ ಅದು ಗಾದೆಯಲ್ಲ, ಅಳತೆ. ಪ್ರತಿ ಒರೆಯೂ ಒಂದೇ ಕತ್ತಿಯ ಮೈಗೆ ಒದ್ದೆಯಾಗಿ ಅಂಟಿ ಒಣಗಿದ್ದು. ಪ್ರತಿ ಪಟ್ಟಿಯ ಉದ್ದವೂ ಒಂದೇ ಹಿಡಿಯ ಸುತ್ತಳತೆ. ಇನ್ನೊಂದು ಸಲ ವಸ್ತುಸಂಗ್ರಹಾಲಯಕ್ಕೆ ಹೋದಾಗ ಅಲಗಿನಿಂದ ಕಣ್ಣು ತೆಗೆದು ಒರೆಯ ಬಾಯಿಯ ಹತ್ತಿರ ನೋಡಿ. ಅಲ್ಲಿ ಎರಡು ಸಣ್ಣ ರಂಧ್ರಗಳೋ, ಹರಿದ ಹೊಲಿಗೆಯೋ, ಹಿಡಿಯ ಮೇಲೆ ಪಟ್ಟಿ ಉಜ್ಜಿದ ಮಾಸಲು ಗುರುತೋ ಇದ್ದರೆ, ಆ ಕತ್ತಿ ಹೊರಬರಲು ಎಷ್ಟು ಹೊತ್ತು ಬೇಕಿತ್ತೆಂದು ಯಾರೋ ಕೂತು ಯೋಚಿಸಿದ್ದರು ಎಂದರ್ಥ.